ಬರಿಗಾಲಿಗೆ ನಿಲುಕದ ಬ್ರೇಕು

ನಮ್ಮ ಮನೆಯವರು ಹತ್ತಿ ವ್ಯಾಪಾರಿ. ಯುದ್ಧ ಮುಗಿದ ಮೇಲೆ ದಂಡಿನವರು ಮಾರಿದ ಒಂದು ಭಾರೀ ಮೋಟಾರ್‌ಸೈಕಲ್ ಅವರ ಹತ್ತಿರವಿತ್ತು. ಕಾಲಿಡುವುದಕ್ಕೆ ಎರಡೂ ಕಡೆ ಕಬ್ಬಿಣದ ಹಲಗೆ. ಕೈಬ್ರೇಕು ಎಂದೋ ಕೆಟ್ಟಿತ್ತು; ಬಲಗಾಲಿನ ಪೆಡಲೇ ಗತಿ. ಆ ಪುಣ್ಯಾತ್ಮ ಅದನ್ನು ಹತ್ತಿದರೆ ಹೆಂಡತಿ ಇದ್ದಾಳೆಂಬ ನೆನಪೂ ಇರುತ್ತಿರಲಿಲ್ಲ.

ಮದುವೆಯಾದ ಮರುವರ್ಷ ಹತ್ತಿ ಹೇರಿದ ಚಕ್ಕಡಿಯಿಂದ ಬಿದ್ದು ಅವರ ಬಲಮೊಣಕಾಲು ಸೆಟೆದುಕೊಂಡಿತು. ಮಡಚಲು ಬಾರದು. ರೋಣ, ನರಗುಂದದ ಪೇಟೆಗೆ ಹೋಗುವುದು ನಿಂತಿತು. ಗಜೇಂದ್ರಗಡದ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಗಾಡಿಯನ್ನೇ ನೋಡುತ್ತಿದ್ದರು. ಅವರು ಹಾಗೆ ಕೂತಿರುವುದು ಕಂಡು ನನಗೆ ಹೆದರಿಕೆಯಾಗುತ್ತಿತ್ತು.

ಕೊನೆಗೆ ಕಮ್ಮಾರನೊಬ್ಬ ಬಲಗಡೆಯ ಹಲಗೆಗೂ ಪೆಡಲಿಗೂ ಕಬ್ಬಿಣದ ಪಟ್ಟಿ ಕೂಡಿಸಿ ಮುಂದಕ್ಕೆ ಸರಿಸಿಕೊಟ್ಟ. ಕಾಲು ಚಾಚಿಕೊಂಡೇ ತುಳಿಯಬಹುದು. ದಪ್ಪ ಅಟ್ಟೆಯ ಚಪ್ಪಲಿ ಮೆಟ್ಟಿದ ಕಾಲಿಗೆ ಸರಿಯಾಗಿ ಅಳತೆ ಹಿಡಿದಿದ್ದ. ಕುಲುಮೆಯ ಮುಂದೆ ತಾವೇ ಓಡಿಸಿ, ನಿಲ್ಲಿಸಿ ತೋರಿಸಿದಾಗ ಇವರ ಮುಖ ನೋಡಬೇಕಿತ್ತು!

"ಇನ್ನ ನರಗುಂದಕ್ಕ ಹೋಗ್ರಿ, ಯಾರ ತಡೀತಾರ" ಎಂದ ಕಮ್ಮಾರ.

ಮರುದಿನ ಪೂಜೆ. ಅತ್ತೆಯವರು ಹೊಸ ಪಟ್ಟಿಗೆ, ಹಲಗೆಗೆ, ಪೆಡಲಿಗೆ ವಿಭೂತಿ ಕುಂಕುಮ ಹಚ್ಚಿದರು. ಮಗ ಹತ್ತಲು ಹೋದರೆ, "ಅಯ್ಯ, ಪೂಜಿ ಮಾಡಿದ್ದರ ಮ್ಯಾಲ ಕಾಲ್ಮರಿ ಇಡ್ತೀಯೇನ? ಕಳದ ಹತ್ತು" ಎಂದು ಗದರಿದರು. ಯಾರಿಗೂ ವಿಚಿತ್ರ ಅನಿಸಲಿಲ್ಲ. ಅಂಗಡಿಯ ತಕ್ಕಡಿ ಮುಟ್ಟುವಾಗಲೂ ಚಪ್ಪಲಿ ಕಳಚುವ ಮನೆತನ ನಮ್ಮದು. ಅವರು ಆ ದಪ್ಪ ಅಟ್ಟೆಯ ಕಾಲ್ಮರಿ ಕಳಚಿ ಕೂತರು, ನಾನು ಹಿಂದೆ ಕೂತೆ.

ಓಣಿಯ ಇಳಿಜಾರಿನಲ್ಲಿ ಗಾಡಿ ಓಟ ಹಿಡಿಯಿತು.

"ಸಾವಕಾಶ ಹೊಡೀರಿ" ಅಂದೆ. ಅವರು ಒಮ್ಮೆಲೇ ಹಿಂದಕ್ಕೆ ತಿರುಗಿ ಕೂಗಿದರು: "ಬ್ರೇಕ್ ನಿಲಕವಲ್ದು! ಅವ್ವಾ, ಕಾಲ್ಮರಿ!"

ಬಗ್ಗಿ ನೋಡಿದೆ. ಕಾಲು ನೆಟ್ಟಗೆ ಚಾಚಿತ್ತು. ಅಂಗಾಲಿಗೂ ಪೆಡಲಿಗೂ ನಡುವೆ ಒಂದು ಅಟ್ಟೆಯಷ್ಟು ಜಾಗ. ಅಷ್ಟಕ್ಕೇ ಸಾಯುತ್ತೇವೆ ಅಂದುಕೊಂಡೆ. ಎದುರಿಗೆ ಜನ, ಎತ್ತು. ಅವರು ತಿರುವಿನಲ್ಲಿದ್ದ ಜೋಳದ ಕಣಿಕೆಯ ಬಣವೆಗೆ ಗಾಡಿ ನುಗ್ಗಿಸಿದರು.

ಗಾಡಿ ಅರ್ಧ ಹೂತು ನಿಂತಿತು. ಇಬ್ಬರಿಗೂ ಏನೂ ಆಗಿರಲಿಲ್ಲ, ಬಾಯಿತುಂಬ ಧೂಳು ಅಷ್ಟೇ. ಅವರ ಅಂಗಿ ಹಿಡಿದ ನನ್ನ ಕೈ ಮಾತ್ರ ಬಿಡಲೊಲ್ಲದು.

"ಮಾರಿಬಿಡ್ರಿ ಈ ಹಾಳ ಗಾಡಿ!"

"ಮಾರತೀನಿ" ಎಂದರು. ಕಣ್ಣಲ್ಲಿ ನೀರು. ಗಂಡನ ಕಣ್ಣೀರು ಅದುವರೆಗೆ ಕಂಡಿರಲಿಲ್ಲ.

ಅಷ್ಟರಲ್ಲಿ ಅತ್ತೆ ಓಡಿಬಂದರು. ಸೆರಗು ಜಾರಿದ್ದರ ಖಬರಿಲ್ಲ, ಕೈಯಲ್ಲಿ ಮಗನ ಚಪ್ಪಲಿ. ಹಲಗೆಯ ಸುತ್ತಲಿನ ಕಣಿಕೆ ಸರಿಸಿ, ನಡುಬೀದಿಯಲ್ಲಿ ಮಗನ ಕಾಲ ಬಳಿ ಕೂತು ತೊಡಿಸತೊಡಗಿದರು. ಓಣಿಗೆ ಓಣಿಯೇ ಬಾಯಿ ತೆರೆದು ನಿಂತಿತು. ಹೆತ್ತ ತಾಯಿ ಮಗನ ಚಪ್ಪಲಿ ಮುಟ್ಟುವುದೆಂದರೇನು!

"ಬ್ಯಾಡಬೇ, ಅವ್ವಾ" ಎಂದು ಅವರು ಕಾಲು ಎಳೆದುಕೊಳ್ಳಲು ನೋಡಿದರು. ಆ ಕಾಲು ಮಡಚಿದರೆ ತಾನೇ.

"ಈಗ ತುಳಿ" ಎಂದರು ಅತ್ತೆ.

ಚಪ್ಪಲಿ ಕುಂಕುಮದ ಮೇಲೆಯೇ ಊರಿತು. ಪೆಡಲು ಒಳಗೆ ಹೋಯಿತು.