ಕೌದಿಯ ನಾಲ್ಕನೆಯ ಮೂಲೆ

ಅವ್ವ ಹೋದ ಮೇಲೆ ನಾನು ಒಗೆಯದೇ ಇಟ್ಟುಕೊಂಡ ಬಟ್ಟೆ ಒಂದೇ ಒಂದು. ಅದು ನನ್ನ ಕೌದಿ. ನಾಲ್ಕು ವರ್ಷ ಅದಕ್ಕೆ ನೀರು ಮುಟ್ಟಿಸಿರಲಿಲ್ಲ. ಬೇಸಿಗೆ ಬಂದರೆ ಆಳಂದದ ನಮ್ಮ ಮನೆಯ ಮಾಳಿಗೆಯ ಮೇಲೆ ಬಿಸಿಲಿಗೆ ಹರವುತ್ತಿದ್ದೆ, ಸಂಜೆ ಕೊಡವಿ ಮಡಚಿ ಒಳಗೆ ತರುತ್ತಿದ್ದೆ. ಪಕ್ಕದ ಮನೆಯಾಕೆ ಅದನ್ನು ನೋಡಿ ಒಂದೆರಡು ಸಲ ಮೂಗು ಮುರಿದದ್ದೂ ಉಂಟು. ಮುರಿಯಲಿ ಬಿಡಿ, ಮೂಗು ಆಕೆಯದು.

ಇದಕ್ಕೆ ಕಾರಣ ತಿಳಿಯಬೇಕಾದರೆ ನಮ್ಮ ಮನೆತನದ ಒಂದು ಪದ್ಧತಿ ಹೇಳಬೇಕು. ಬೇರೆಯವರ ಮನೆಯಲ್ಲಿ ಇದೆಯೋ ಇಲ್ಲವೋ ಗೊತ್ತಿಲ್ಲ, ಅತನೂರಿನ ನಮ್ಮ ತವರಿನಲ್ಲಂತೂ ಇದೆ. ಹಳೆಯ ಸೀರೆ, ಧೋತರ, ಲಂಗದ ತುಂಡುಗಳನ್ನು ಒಂದರ ಮೇಲೊಂದು ಹರವಿ ಕೌದಿ ಹೊಲಿಯುವುದು ಎಲ್ಲ ಕಡೆಯಂತೆಯೇ. ಆದರೆ ಕೊನೆಗೆ ನಾಲ್ಕನೆಯ ಮೂಲೆಯನ್ನು ಚೀಲದ ಬಾಯಿಯಂತೆ ಬಿಟ್ಟಿರುತ್ತಾರೆ. ಅದರೊಳಗೆ ಒಂದು ಹಿಡಿ ಬಿಳಿ ಜೋಳ ಹಾಕಿ ಆಮೇಲೆ ಮುಚ್ಚಿ ಹೊಲಿಯುತ್ತಾರೆ. ಅದಕ್ಕೆ ಕೌದಿಯ ಹೊಟ್ಟೆ ತುಂಬಿಸುವುದು ಎಂದು ಹೆಸರು. "ಹಸಗೊಂಡು ಯಾರಿಗರೆ ನಿದ್ದಿ ಬರ್ತದೇನ? ಮತ್ತ ಕೌದಿಗೆ ಹ್ಯಾಂಗ ಬರಬೇಕು?" ಎಂದು ಅವ್ವ ಕೇಳುತ್ತಿದ್ದಳು. ಪ್ರತಿ ವರ್ಷ ಯುಗಾದಿಯ ಮುಂಚೆ ಕೌದಿ ಒಗೆಯುವಾಗ ಆ ಮೂಲೆ ಬಿಚ್ಚಿ ಹಳೆಯ ಜೋಳವನ್ನು ಗುಬ್ಬಿಗಳಿಗೆ ಚೆಲ್ಲಿ, ಒಣಗಿದ ಮೇಲೆ ಆ ವರ್ಷದ ಹೊಸ ಜೋಳ ಹಾಕಿ ಮತ್ತೆ ಮುಚ್ಚಬೇಕು. ಹೊದೆಯುವವರು ತಮ್ಮ ಕೌದಿಯ ಹೊಟ್ಟೆ ತಾವೇ ತುಂಬಿಸುವಂತಿಲ್ಲ. ಅವರಿಗಿಂತ ಹಿರಿಯಳಾದ, ಮನೆಯ ಹೆಂಗಸೇ ತುಂಬಿಸಬೇಕು.

ಹಾಗಾಗಿ ಮದುವೆಯಾಗಿ ಆಳಂದಕ್ಕೆ ಬಂದ ಮೇಲೂ ನಾನು ವರ್ಷಕ್ಕೊಮ್ಮೆ ಕೌದಿಯನ್ನು ಕಂಕುಳಲ್ಲಿ ಒತ್ತಿಕೊಂಡು, ಅಫಜಲಪುರದ ಬಸ್ಸು ಹತ್ತಿ ಅತನೂರಿಗೆ ಹೋಗುತ್ತಿದ್ದೆ. ಹೈಸ್ಕೂಲಿನ ವಿಜ್ಞಾನದ ಟೀಚರು ಹೀಗೆ ಕೌದಿ ಹೊತ್ತು ತಿರುಗುವುದನ್ನು ನೋಡಿ ಕಂಡಕ್ಟರು ನಗುತ್ತಿದ್ದ. ಅವ್ವ ಮೂಲೆ ಮುಚ್ಚಿ ಕೊಟ್ಟರೆ ನನಗೆ ಇಡೀ ವರ್ಷದ ನಿದ್ದೆ ಸಿಕ್ಕಂತೆ. ಮಲಗಿದ ಕೂಡಲೇ ಬಲಗೈ ತಾನೇ ಆ ಮೂಲೆಯನ್ನು ಹುಡುಕಿ, ಕಾಳುಗಳನ್ನು ಬೆರಳಲ್ಲಿ ಉರುಳಿಸತೊಡಗುತ್ತಿತ್ತು. ಅರವತ್ತು ದಾಟಿದ ಹೆಂಗಸು ಇದನ್ನು ಹೇಳಿಕೊಳ್ಳಲು ನಾಚಬೇಕು. ನನಗೆ ನಾಚಿಕೆಯಿಲ್ಲ.

ಈಗ ತಿಳಿಯಿತಲ್ಲ, ಯಾಕೆ ಒಗೆದಿರಲಿಲ್ಲ ಎಂದು. ಒಗೆಯಬೇಕಾದರೆ ಮೂಲೆ ಬಿಚ್ಚಬೇಕು. ಆ ಮೂಲೆಯದು ಅವ್ವನ ಕೊನೆಯ ಹೊಲಿಗೆ.

ಹೋದ ವರ್ಷ ಜೇವರ್ಗಿಯ ನನ್ನ ಗೆಳತಿ ಫೋನ್ ಮಾಡಿದಳು. ಆಕೆ ಅಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಾಳೆ. ನನಗಿಂತ ಸಣ್ಣವಳಾದರೂ ನಾನು ಅವಳನ್ನು ಆಪಾ ಎನ್ನುತ್ತೇನೆ, ಅವಳು ನನ್ನನ್ನು ಅಕ್ಕಾ ಎನ್ನುತ್ತಾಳೆ. ಇಬ್ಬರಿಗೂ ಮರ್ಯಾದೆ ಸಿಕ್ಕಹಾಗಾಯಿತು. ಪುಣೆಯ ಒಬ್ಬ ಬಾಯಿಯವರು ಕೌದಿ, ಕಸೂತಿಯ ಹುಚ್ಚಿರುವ ಹೆಂಗಸರನ್ನು ಕಟ್ಟಿಕೊಂಡು ಆಸ್ಟ್ರೇಲಿಯಾ ಪ್ರವಾಸ ಹೊರಟಿದ್ದಾರೆ, ಅಲ್ಲಿ ಕೌದಿಗಳ ದೊಡ್ಡ ಪ್ರದರ್ಶನ ಇದೆ, ಹೋಗೋಣ ಎಂದಳು.

"ನಮ್ಮನಿ ಅಟ್ಟದ ಮ್ಯಾಲೆ ಕೌದಿ ರಾಶಿ ಬಿದ್ದಾವ. ಅದನ್ನ ನೋಡಾಕ ಸಮುದ್ರ ದಾಟಬೇಕೇನ?" ಎಂದೆ.

"ಅಟ್ಟ ಹತ್ತಿದ್ರ ನಿನಗ ಬರೀ ಧೂಳ ಕಾಣ್ತದ. ಸಮುದ್ರ ದಾಟಿದ್ರ ಕೌದಿ ಕಾಣ್ತದ. ಸುಮ್ನ ನಡಿ ಅಕ್ಕಾ."

ಆಪಾಳ ಮಾತಿಗೆ ಎದುರು ಆಡಿ ಗೆದ್ದವರಿಲ್ಲ. ಪ್ರತಿಯೊಬ್ಬರೂ ತಮ್ಮ ಮನೆಯ ಒಂದು ಕೌದಿ ತರಬೇಕು, ಅಲ್ಲಿನವರ ಮುಂದೆ ಅದರ ವಿಷಯ ಹೇಳಬೇಕು ಎಂದು ಪುಣೆಯ ಬಾಯಿಯವರು ಹೇಳಿದ್ದರು. ನಾನು ಬೇರೆ ಯಾವುದನ್ನೂ ಯೋಚಿಸಲಿಲ್ಲ. ನನ್ನದನ್ನೇ ಮಡಚಿ ಚೀಲಕ್ಕೆ ತುರುಕಿದೆ. ಅವ್ವನ ಎರಡು ಇಳಕಲ್ ಸೀರೆ, ಅಪ್ಪನ ಧೋತರ, ನನ್ನ ಸಾಲೆಯ ನೀಲಿ ಲಂಗ ಎಲ್ಲ ಅದರಲ್ಲಿದ್ದವು. ಬಿಟ್ಟು ಹೋದರೆ ಅಲ್ಲಿ ನನಗೆ ನಿದ್ದೆ ಎಲ್ಲಿಂದ ಬರಬೇಕು?

ಖಜೂರಿ ದಾಟಿ ಬಸ್ಸು ಮಹಾರಾಷ್ಟ್ರದೊಳಗೆ ಹೊಕ್ಕಾಗ ಆಪಾ ಡಬ್ಬಿ ತೆಗೆದು ರೊಟ್ಟಿ ಮುರಿದುಕೊಟ್ಟಳು. ಇಬ್ಬರೂ ಸಾಲೆಯ ಹುಡುಗಿಯರಂತೆ ನಕ್ಕೆವು. ಮುಂಬೈಯಲ್ಲಿ ಉಳಿದ ಹೆಂಗಸರು ಸೇರಿಕೊಂಡರು. ಅವರ ಕೌದಿಗಳೆಲ್ಲ ಮಶೀನಿನಲ್ಲಿ ಹೊಲಿದವು, ಇಸ್ತ್ರಿ ಮಾಡಿದವು, ಯಾರೂ ಒಂದು ದಿನವೂ ಹೊದ್ದುಕೊಳ್ಳದವು. ನನ್ನದನ್ನು ನೋಡಿ ಒಬ್ಬಾಕೆ "ವಿಂಟೇಜ್" ಎಂದಳು. ಆಪಾ ನನ್ನ ಕಿವಿಯಲ್ಲಿ, "ಹಳೇ ಬಟ್ಟಿ ಅರಬಿಗೆ ಶಹರದವರು ಇಟ್ಟ ಹೆಸರು ಅದು" ಎಂದಳು.

ವಿಮಾನದಲ್ಲಿ ಪುಣೆಯ ಬಾಯಿಯವರು ಎಲ್ಲರಿಗೂ ಎಚ್ಚರಿಕೆ ಕೊಟ್ಟರು. ಆ ದೇಶದಲ್ಲಿ ತಿನ್ನುವ ಪದಾರ್ಥ, ಬೀಜ, ಸೊಪ್ಪು ಏನಿದ್ದರೂ ಮೊದಲೇ ಹೇಳಿಬಿಡಬೇಕು, ಮುಚ್ಚಿಟ್ಟರೆ ತೊಂದರೆ ಎಂದರು. ನಾನು ಪ್ರಾಮಾಣಿಕಳು. ಇಳಿದ ಕೂಡಲೇ ನನ್ನ ಶೇಂಗಾ ಹಿಂಡಿಯ ಡಬ್ಬಿ ಎತ್ತಿ ತಪಾಸಣೆಯವರ ಮೇಜಿನ ಮೇಲೆ ಇಟ್ಟೆ. ಆಪಾಳ ಪುಟಾಣಿ ಚಟ್ನಿಯನ್ನೂ ಇಡಿಸಿದೆ. ಬೀಜ ಇದೆಯೇ ಎಂದು ಕೇಳಿದರು. ಇಲ್ಲ ಎಂದು ಗಟ್ಟಿಯಾಗಿ ಹೇಳಿದೆ. ಬೀಜ ಎಂದರೇನು, ಮೊಳಕೆ ಹೇಗೆ ಒಡೆಯುತ್ತದೆ ಎಂದು ಇಡೀ ನೌಕರಿಯುದ್ದಕ್ಕೂ ಒಂಬತ್ತನೆಯ ಇಯತ್ತೆಯ ಮಕ್ಕಳಿಗೆ ಚಿತ್ರ ಬರೆದು ಕಲಿಸಿದವಳು ನಾನೇ.

ಆಮೇಲೆ ಬಾಗಿಲ ಕಡೆ ಹೊರಟಾಗ ಒಂದು ಸಣ್ಣ ನಾಯಿ ಬಂದು ನನ್ನ ಚೀಲವನ್ನು ಮೂಸಿತು. ಮೂಸಿ, ಅದರ ಮುಂದೆ ಜಮಖಾನೆ ಹಾಸಿ ಕರೆದ ಅತಿಥಿಯಂತೆ ಕುಳಿತುಬಿಟ್ಟಿತು. ನಾನು ಹಚಾ ಎಂದೆ. ಏಳಲಿಲ್ಲ.

ಅಲ್ಲಿನ ಅಧಿಕಾರಿ ನನ್ನ ಮಗಳ ವಯಸ್ಸಿನ ಹೆಣ್ಣು. ಕೈಗವಸು ಹಾಕಿಕೊಂಡು ಕೌದಿಯನ್ನು ಮೇಜಿನ ಮೇಲೆ ಹರವಿದಳು. ಒಂದೊಂದೇ ಮೂಲೆ ಹಿಚುಕಿ ನೋಡುತ್ತಾ ನಾಲ್ಕನೆಯದಕ್ಕೆ ಬಂದಳು. ಅವಳ ಬೆರಳು ಕಾಳಿನ ಮೇಲೆ ನಿಂತಿತು. ಆಗ ನನಗೆ ಹೊಳೆಯಿತು, ಅದು ಬೀಜ. ಅಲ್ಲಿಯವರೆಗೆ ನನಗೆ ಅದು ಜೋಳ ಕೂಡ ಆಗಿರಲಿಲ್ಲ. ಅದು ಕೌದಿಯ ಹೊಟ್ಟೆ, ಅಷ್ಟೇ.

ನನಗೆ ಬಂದ ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದೆ. ಅವ್ವನ ಸುದ್ದಿ, ಹಿರಿಯರು ಮುಚ್ಚುವ ಸುದ್ದಿ, ಹಸಿವಿನ ಸುದ್ದಿ. ಅವಳು ತಾಳ್ಮೆಯಿಂದ ಕೇಳಿದಳು. ಕೊನೆಗೆ, ಅಮ್ಮಾ, ಹೊದಿಕೆ ಒಳಗೆ ಬರಬಹುದು, ಕಾಳು ಬರುವಂತಿಲ್ಲ, ಮೂಲೆ ಬಿಚ್ಚಬೇಕಾಗುತ್ತದೆ ಎಂದಳು. ಬಿಚ್ಚುವುದು ಬೇಡವಾದರೆ ಹೊದಿಕೆಯನ್ನು ಇಲ್ಲಿಯೇ ಒಪ್ಪಿಸಬೇಕು, ಅದು ನಾಶವಾಗುತ್ತದೆ ಎಂದಳು. ಅವಳದು ತಪ್ಪಿಲ್ಲ. ತನ್ನ ದೇಶದ ಹೊಲಗಳನ್ನು ಕಾಯುವ ಕೆಲಸ ಅವಳದು. ಆದರೂ ನನಗೆ ಆಕೆಯ ಮೇಲೆ ಎಂಥ ಸಿಟ್ಟು ಬಂತೆಂದರೆ, ನನ್ನ ಕ್ಲಾಸಿನಲ್ಲಿದ್ದಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಅವಳು ಕತ್ತರಿ ಎತ್ತಿಕೊಂಡಳು. ಆಪಾ ಮೇಜಿನ ಹತ್ತಿರ ನುಗ್ಗಿ ನನ್ನ ರಟ್ಟೆ ಹಿಡಿದಳು.

"ಅಕ್ಕಾ, ಅವರ ಕೈಲೆ ಬ್ಯಾಡ. ಕತ್ತರಿ ಇಸಗೋ. ತಾಯಿ ಹೊಲದಿದ್ದು ಮಗಳೇ ಬಿಚ್ಚಬೇಕು."

ಅಧಿಕಾರಿ ಒಪ್ಪಿದಳು. ಅವ್ವನದು ಜೋಡಿ ದಾರ, ಒತ್ತೊತ್ತಾಗಿ ಹಾಕಿದ ಸಣ್ಣ ಹೊಲಿಗೆ. ಕಣ್ಣು ಮಂಜಾದ ಮೇಲೂ ಹೊಲಿಗೆ ಸಡಿಲಾಗಿರಲಿಲ್ಲ. ಒಂದೊಂದೇ ಕತ್ತರಿಸಿದೆ. ದಾರದ ಚೂರುಗಳನ್ನು ಆಪಾ ತನ್ನ ಅಂಗೈಯಲ್ಲಿ ಹಿಡಿದುಕೊಂಡಳು. ಮೂಲೆ ತೆರೆದಾಗ ಕಾಳಿನ ಜೊತೆ ಹಸಿರು ಹೋದ ಎಲೆಯ ಪುಡಿ ಉದುರಿತು. ಬೇವಿನ ಎಲೆ. ಹುಳ ಬೀಳಬಾರದೆಂದು ಅವ್ವ ಸೇರಿಸಿದ್ದಳು. ಮುಂಚೆ ಎಂದೂ ಹಾಗೆ ಹಾಕಿದವಳಲ್ಲ. ವರ್ಷಕ್ಕೇ ಬಿಚ್ಚುವ ಮೂಲೆಗೆ ಬೇವು ಯಾಕೆ ಬೇಕು? ಈ ಸಲದ್ದು ಬಹಳ ದಿನ ಬಾಳಬೇಕು ಎಂದು ಆಕೆಗೆ ಗೊತ್ತಾಗಿತ್ತು. ನಾನು ಆ ಮೇಜಿನ ಮುಂದೆ, ಅಷ್ಟು ಜನ ಓಡಾಡುವ ಕಡೆ, ಅವ್ವಾ ಎಂದು ಗಟ್ಟಿಯಾಗಿಯೇ ಅತ್ತೆ.

ಆ ಹುಡುಗಿ ಕಾಳುಗಳನ್ನು ಒಂದು ಪಾರದರ್ಶಕ ಚೀಲಕ್ಕೆ ಹಾಕಿ ಕಟ್ಟಿದಳು. ಒಮ್ಮೆ ಮುಟ್ಟಬಹುದೇ ಎಂದು ಕೇಳಿದೆ. ಚೀಲದ ಮೇಲಿನಿಂದಲೇ ಮುಟ್ಟಲು ಬಿಟ್ಟಳು. ಬೆರಳಲ್ಲಿ ಉರುಳಿಸಿದೆ, ಆಮೇಲೆ ಅವಳೇ ಮೆಲ್ಲಗೆ ತೆಗೆದುಕೊಂಡಳು.

ಪ್ರದರ್ಶನ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಗೋಡೆಯಷ್ಟು ಎತ್ತರದ ಕೌದಿಗಳು, ಕಾಮನಬಿಲ್ಲಿನ ಬಣ್ಣಗಳು, ಹೊಲಿಯುವವರಲ್ಲಿ ಗಂಡಸರೂ ಇದ್ದರು. ನಮ್ಮ ಸರದಿ ಬಂದಾಗ ನಾನು ಬಾಯಿಬಿಟ್ಟ ಮೂಲೆಯ ಕೌದಿಯನ್ನೇ ಹಿಡಿದು ನಿಂತು, ಇದರ ಹೊಟ್ಟೆ ಇವತ್ತು ಖಾಲಿಯಿದೆ ಎಂದೆ. ಬಿಳಿ ಕೂದಲಿನ ಒಬ್ಬ ಅಜ್ಜಿ ಕಣ್ಣು ಒರೆಸಿಕೊಂಡಳು. ತನ್ನ ಹತ್ತಿರ ಸೂಜಿ ದಾರ ಇದೆ, ಮುಚ್ಚಿ ಕೊಡಲೇ ಎಂದು ಕೇಳಿದಳು. ಬೇಡ ತಾಯಿ ಎಂದೆ. ಪ್ರವಾಸದ ಉಳಿದ ದಿನಗಳಲ್ಲಿ ನನ್ನ ಕೈ ಮಲಗುವಾಗ ಆ ಮೂಲೆಗೆ ಹೋಗುತ್ತಿತ್ತು, ಬಟ್ಟೆಯೊಳಗೆ ಹೊಕ್ಕು ಏನೂ ಸಿಗದೆ ಬರುತ್ತಿತ್ತು. ನಿದ್ದೆ ಬರಲಿಲ್ಲ. ಬಸ್ಸಿನಲ್ಲಿ ಎಲ್ಲರೂ ಕಿಟಕಿಯಾಚೆ ಸಮುದ್ರ ನೋಡುವಾಗ ನಾನು ಆಪಾಳ ಹೆಗಲ ಮೇಲೆ ತೂಕಡಿಸುತ್ತಿದ್ದೆ.

ಊರಿಗೆ ಬಂದ ಮೇಲೆ, ಬಿಚ್ಚಿದ್ದು ಬಿಚ್ಚಿಯೇ ಆಯಿತಲ್ಲ ಎಂದು ಕೌದಿಯನ್ನು ಒಗೆದೆ. ಮೂಲೆ ಹಾಗೆಯೇ ಉಳಿಯಿತು. ಮುಚ್ಚುವವರು ಯಾರು? ನಮ್ಮಲ್ಲಿ ನಾನೇ ದೊಡ್ಡ ಮಗಳು. ಚಿಗವ್ವ, ಸೋದರತ್ತೆ ಎನ್ನುವವರೆಲ್ಲ ಅವ್ವನಿಗಿಂತ ಮುಂಚೆಯೇ ಹೋಗಿದ್ದರು. ನನ್ನ ಮೇಲೆ ಯಾರೂ ಉಳಿದಿಲ್ಲ ಎನ್ನುವುದು ಅಂದು ಆ ಒದ್ದೆ ಕೌದಿಯನ್ನು ಹಿಂಡುವಾಗ ತಿಳಿಯಿತು.

ಯುಗಾದಿ ಹತ್ತಿರ ಬಂದಾಗ ಅತನೂರಿನಿಂದ ತಮ್ಮನ ಹೆಂಡತಿ ಬಂದಳು. ಕರಜಗಿಗೆ ಕೊಟ್ಟ ಅವಳ ಮಗಳು ಹೆತ್ತಿದ್ದಳು. ಕೂಸಿಗೆಂದು ಹೊಲಿದ ಪುಟ್ಟ ಕೌದಿಯನ್ನೂ ಸೆರಗಿನಲ್ಲಿ ಕಟ್ಟಿದ ಹೊಸ ಜೋಳವನ್ನೂ ನನ್ನ ಮುಂದಿಟ್ಟಳು.

"ಅಕ್ಕಾರ, ಅತ್ತಿ ಇಲ್ಲ. ಈಗ ನೀವೇ ಹಿರ್ಯಾರು. ಕೂಸಿಂದು ನೀವೇ ತುಂಬಸ್ರಿ."

ತುಂಬಿಸಿದೆ. ಅವ್ವನಂತೆ ಜೋಡಿ ದಾರ ಹಾಕಿದೆ, ಆದಷ್ಟು ಒತ್ತಾಗಿ. ಮುಗಿದ ಮೇಲೆ ಅವಳ ಕಣ್ಣು ನನ್ನ ಕೌದಿಯ ಮೇಲೆ ಬಿತ್ತು. ನಡೆದದ್ದನ್ನು ಹೇಳಿದೆ. ನಾಯಿ ಕುಳಿತದ್ದಕ್ಕೆ ನಕ್ಕಳು, ಬೇವಿನ ಎಲೆಯ ಮಾತು ಬಂದಾಗ ಮೂಲೆಯೊಳಗೆ ಬೆರಳು ಹಾಕಿ ನೋಡಿದಳು.

"ನನ್ನ ಕೌದಿ ಇನ್ನ ಯಾರು ಮುಚ್ಚಬೇಕು ಹೇಳು," ಎಂದೆ. "ಹಿರೇರು ಅನ್ನಾಕ ಯಾರದಾರ?"

"ಅತ್ತೀದೂ ಹಂಗೇ ಇತ್ತಲ್ರಿ," ಎಂದಳು ಅವಳು, ಗೊತ್ತಿದ್ದ ಮಾತೆಂಬಂತೆ. "ಆಯಿ ಹ್ವಾದ ಮ್ಯಾಲೆ ಅತ್ತಿ ಕೌದಿ ಯಾರೂ ತುಂಬಿಸಿಲ್ರಿ. ಪ್ರತಿ ವರ್ಷ ಒಗ್ಯಾಕಿ ನಾನೇ. ಎಲ್ಲಾರ ಮೂಲಿ ಬಿಚ್ಚತಿದ್ದೆ, ಅವರದು ಬಿಚ್ಚೂದೇ ಇರ್ತಿರಲಿಲ್ಲ. ಒಳಗ ಕಾಳೇ ಇರ್ತಿರಲಿಲ್ಲ."

ಆಯಿ, ಅಂದರೆ ಅಪ್ಪನ ಅವ್ವ, ಹೋದಾಗ ನಾನು ಲಂಗ ಹಾಕುತ್ತಿದ್ದೆ. ಅಂದಿನಿಂದ ಅವ್ವ ಖಾಲಿ ಹೊಟ್ಟೆಯ ಕೌದಿ ಹೊದ್ದು ಮಲಗಿದ್ದಾಳೆ. ನಾವು ಮಕ್ಕಳೆಲ್ಲ ವರ್ಷ ವರ್ಷ ಸಾಲಾಗಿ ನಮ್ಮ ನಮ್ಮ ಕೌದಿ ತಂದು ಅವಳ ಮುಂದೆ ಒಟ್ಟುತ್ತಿದ್ದೆವು. ಅವಳು ಎಲ್ಲವನ್ನೂ ತುಂಬಿಸಿ, ನಮಗೆ ಉಣ್ಣಿಸಿ, ಬಸ್ಸಿಗೆ ಕಳಿಸುತ್ತಿದ್ದಳು. ಹಸಿದರೆ ನಿದ್ದೆ ಬರುವುದಿಲ್ಲ ಎಂದು ನಮಗೆ ಕಲಿಸಿದವಳು ಅವಳೇ. ಅವಳಿಗೆ ನಿದ್ದೆ ಬರುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ.

ನಾನು ಸೂಜಿ ದಾರವನ್ನು ತಮ್ಮನ ಹೆಂಡತಿಯ ಕೈಗೆ ಕೊಟ್ಟೆ.

"ತುಂಬಸು."

"ಅಯ್ಯ, ನಾ ಸಣ್ಣಾಕ್ರಿ ಅಕ್ಕಾರ. ಬರಾಂಗಿಲ್ಲ."

"ಬರ್ತದ. ತುಂಬಸು ಬೇ."

ಅವಳು ಅಳುಕುತ್ತಲೇ ಒಂದು ಹಿಡಿ ಹಾಕಿ ಮುಚ್ಚಿದಳು. ಹೊಸ ಜೋಳ ಗುಂಡಗಿದೆ, ಬೆರಳಿಗೆ ಚೆನ್ನಾಗಿ ಸಿಗುತ್ತದೆ. ನಿದ್ದೆಯೂ ಬರುತ್ತದೆ. ಅವ್ವನ ಕೌದಿ ಮಾತ್ರ ಇಲ್ಲ. ಪದ್ಧತಿ ಎಂದು, ಅವಳು ಹೋದ ದಿನವೇ ಅವಳ ಹಾಸಿಗೆ ಹೊದಿಕೆಯನ್ನೆಲ್ಲ ಮನೆಯಿಂದ ಹೊರಗೆ ಕಳಿಸಿಬಿಟ್ಟೆವು. ಈಗ ಅದು ಎಲ್ಲಾದರೂ ಸಿಕ್ಕರೆ ಸಾಕು ಎನ್ನಿಸುತ್ತದೆ. ಹಿರಿಯಳಲ್ಲ, ಮಗಳು ಮಾಡುವಂತಿಲ್ಲ ಎಂದು ಯಾರು ಏನೇ ಅನ್ನಲಿ, ಆ ಖಾಲಿ ಮೂಲೆಯೊಳಗೆ ನನ್ನ ಅವ್ವನಿಗೆಂದು ಒಂದು ಹಿಡಿ ಜೋಳ ಹಾಕುತ್ತಿದ್ದೆ.