ಅಕ್ಕನ ಸೂಜಿ, ನನ್ನ ಹೆಸರು

ನಮ್ಮ ಮನೆಯ ಹಲಸಿನ ಮಣೆಯ ಮೇಲೆ ಈಗ ಯಾರೂ ಕೂರುವುದಿಲ್ಲ. ಅದರ ಮೇಲೆ ಒಂದು ಕಪ್ಪು ಹಲಗೆ ಕೂತಿದೆ. ಕಂಪ್ಯೂಟರಿಗೆ ತಂತಿಯಿಂದ ಕಟ್ಟಿಹಾಕಿರುವ, ಪೆನ್ನಿನಂಥ ಕಡ್ಡಿಯಿಂದ ಚಿತ್ರ ಬರೆಯುವ ಹಲಗೆ ಅದು. ಟ್ಯಾಬ್ಲೆಟ್ ಎಂದು ಅದರ ಹೆಸರಂತೆ. ಆ ಮಾತು ಕೇಳಿದರೆ ನನಗೆ ತಲೆನೋವಿನ ಮಾತ್ರೆ ನೆನಪಾಗುತ್ತದೆ, ಆದ್ದರಿಂದ ಸ್ಲೇಟು ಎಂದೇ ಕರೆಯುತ್ತೇನೆ. ಏಳನೇ ಕ್ಲಾಸಿನಲ್ಲಿ ಎರಡು ಸಲ ನಪಾಸಾಗಿ ಶಾಲೆಗೆ ಕೈಮುಗಿದು ಬಂದವನ ಮಡಿಲಿಗೆ ಅರವತ್ತು ದಾಟಿದ ಮೇಲೆ ಮತ್ತೆ ಸ್ಲೇಟು ಬಂದು ಬಿದ್ದಿದೆ ನೋಡಿ. ಆದರೆ ಶಾಲೆಯ ಸ್ಲೇಟಿನ ಮೇಲೆ ಬರೆದರೆ ಮೂಡುತ್ತಿತ್ತು. ಇದರ ಮೇಲೆ ಎಷ್ಟು ಗೀಚಿದರೂ ಏನೂ ಕಾಣುವುದಿಲ್ಲ. ಕೈ ಇಲ್ಲಿ ಓಡುತ್ತದೆ, ಗೆರೆ ಎದುರಿನ ಪರದೆಯ ಮೇಲೆ ಬೀಳುತ್ತದೆ. ದುಡಿದ ಜಾಗ ಒಂದು, ಕಾಣಿಸಿಕೊಳ್ಳುವ ಜಾಗ ಇನ್ನೊಂದು.

ನಾನು ಬೋರ್ಡು ಬರೆಯುತ್ತಿದ್ದವನು. ಚಾಮರಾಜಪೇಟೆಯಲ್ಲಿ, ಬಸವನಗುಡಿಯಲ್ಲಿ, ಆಚೆ ಬಿನ್ನಿಪೇಟೆಯವರೆಗೆ, ಕಾಫಿಪುಡಿ ಅಂಗಡಿ, ಹಿಟ್ಟಿನ ಗಿರಣಿ, ಸೀರೆ ಅಂಗಡಿ, ವೈದ್ಯರ ಶಾಪು, ಯಾವುದರ ಹಣೆ ನೋಡಿದರೂ ಮೂಲೆಯಲ್ಲಿ ಸಣ್ಣದಾಗಿ 'ಚಂದ್ರು' ಎಂದಿರುತ್ತಿತ್ತು. ಫ್ಲೆಕ್ಸ್ ಬಂದಮೇಲೆ ಆ ಹಣೆಬರಹಗಳೆಲ್ಲ ಒಂದೊಂದಾಗಿ ಕೆಳಗಿಳಿದವು, ನಾನೂ ಏಣಿಯಿಂದ ಇಳಿದೆ. ಮದುವೆ ಆಗಲಿಲ್ಲ, ಅದು ಬೇರೆ ಕತೆ, ದೊಡ್ಡದೇನಲ್ಲ. ಅಪ್ಪ ಅಮ್ಮ ಹೋದಮೇಲೆ ಈ ವಠಾರದ ಎರಡು ಕೋಣೆಯಲ್ಲಿ ನಾನು, ರೇಡಿಯೋ, ಒಣಗಿ ಕಡ್ಡಿಯಾದ ನಾಲ್ಕು ಕುಂಚ, ಈ ಮಣೆ. ಮಧ್ಯಾಹ್ನ ಎರಡಕ್ಕೆ ವಠಾರದ ನಲ್ಲಿಗಳೆಲ್ಲ ನಿಂತಾಗ ನನ್ನ ಮನೆಯಲ್ಲಿ ಎಂಥ ನಿಶ್ಶಬ್ದ ಕೂರುತ್ತದೆಂದರೆ, ಕೆಲವೊಮ್ಮೆ ನಾನೇ ಕೆಮ್ಮಿ ನೋಡುತ್ತೇನೆ.

ಹೀಗಿರುವಾಗ ಹೋದ ಮಳೆಗಾಲದಲ್ಲಿ ಒಬ್ಬ ಹುಡುಗಿ ಬಂದಳು, ಮೇಘನಾ ಅಂತ. ಕಾಲೇಜಿನಲ್ಲಿ ಅಕ್ಷರಗಳ ವಿನ್ಯಾಸ ಕಲಿಸುತ್ತಾಳೆ. ಊರಲ್ಲಿ ಇನ್ನೂ ಉಳಿದಿದ್ದ ನನ್ನ ಮೂರು ಬೋರ್ಡುಗಳ ಫೋಟೋ ಹಿಡಿದು, ಅಂಗಡಿ ಅಂಗಡಿ ವಿಚಾರಿಸಿ, ನನ್ನ ಬಾಗಿಲು ತಟ್ಟಿದ್ದಳು.

"ಅಂಕಲ್, ಈ ಅಕ್ಷರ ನಿಮ್ದೇನಾ?"

"ಹೌದಮ್ಮ, ನಂದೇ."

ಇಷ್ಟು ಸಲೀಸಾಗಿ ಹೇಳಿದೆ. ನಲವತ್ತು ವರ್ಷ ಹೇಳಿದ್ದ ಮಾತು, ನಾಲಿಗೆಗೆ ದಾರಿ ಗೊತ್ತಿತ್ತು.

ಈ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಯಾರು ಬೇಕಾದರೂ ಬಳಸುವ ಹಾಗೆ ಮಾಡಬೇಕು, ಇಡೀ ವರ್ಣಮಾಲೆಯನ್ನು ನೀವೇ ಬರೆದುಕೊಡಬೇಕು, ಅದಕ್ಕೆ ನಿಮ್ಮ ಹೆಸರನ್ನೇ ಇಡುತ್ತೇನೆ ಎಂದಳು. ವಾರದೊಳಗೆ ತನ್ನ ಹಳೆಯ ಲ್ಯಾಪ್‌ಟಾಪನ್ನೂ ಈ ಸ್ಲೇಟನ್ನೂ ತಂದು ಮಣೆಯ ಮೇಲೆ ಇಟ್ಟಳು. ಇಡುವಾಗ ಮಣೆಯ ಮೈ ನೋಡಿ, "ಅಯ್ಯೋ, ಇದಕ್ಕೆ ಹುಳ ಹಿಡಿದಿದೆ ಅಂಕಲ್, ಪೂರ್ತಿ ತೂತು" ಎಂದಳು.

"ಹಳೇದಮ್ಮ" ಎಂದೆ.

ಅದು ಹುಳ ಕೊರೆದದ್ದಲ್ಲ ಎಂದು ನಾನು ಹೇಳಲಿಲ್ಲ. ನಿಮಗೆ ಹೇಳುತ್ತೇನೆ.

ಅದು ನನ್ನ ಅಕ್ಕ ಸರೋಜಳ ಸೂಜಿಯ ಗುರುತು. ನನಗಿಂತ ನಾಲ್ಕು ವರ್ಷ ದೊಡ್ಡವಳು. ಬೆಳಗ್ಗೆ ಬಾಗಿಲಲ್ಲಿ ಅವಳು ರಂಗೋಲಿ ಬಿಡುವುದನ್ನು ನೋಡಲು ಹಾಲಿನವನು ಸೈಕಲ್ ನಿಲ್ಲಿಸುತ್ತಿದ್ದ. ತೂತಿನ ಅಚ್ಚಿನಿಂದ ರಂಗೋಲಿ ಒತ್ತುವ ಹೆಂಗಸರನ್ನು ಕಂಡರೆ ಅವಳಿಗೆ ಮೂಗು ಸೊಟ್ಟಗಾಗುತ್ತಿತ್ತು. ಅಂಥವಳು ನನಗಾಗಿ ತೂತಿನ ಹಾಳೆ ಮಾಡಿಕೊಟ್ಟಳು. ನಾನು ಪೇಂಟರೊಬ್ಬರ ಅಂಗಡಿ ಸೇರಿದಾಗ ನನಗೆ ಬಣ್ಣ ತುಂಬಲು ಬರುತ್ತಿತ್ತು, ಅಕ್ಷರ ಎಳೆಯಲು ಬರುತ್ತಿರಲಿಲ್ಲ. ನನ್ನ 'ಅ' ನೋಡಿ ಅಕ್ಕ ನಕ್ಕು, ಅಡುಗೆಮನೆಯಿಂದ ಇದ್ದಿಲು ತಂದು, ಹಳೇ ಕ್ಯಾಲೆಂಡರಿನ ಬೆನ್ನಿಗೆ ಒಂದು 'ಅ' ಎಳೆದಳು. ತುಂಬಿದ ಕೊಡವನ್ನು ಸೊಂಟದಲ್ಲಿಟ್ಟುಕೊಂಡು ಆರಾಮಾಗಿ ನಿಂತ ಹೆಂಗಸಿನಂತಿತ್ತು ಅದು. ಆಮೇಲೆ ಮಣೆಯ ಮೇಲೆ ಕಂಬಳಿ ತುಂಡು ಹಾಸಿ, ಹಾಳೆ ಇಟ್ಟು, ಗೆರೆಯ ಗುಂಟ ಸೂಜಿಯಿಂದ ಚುಚ್ಚುತ್ತಾ ಹೋದಳು. ನಾನು ಅದನ್ನು ಬೋರ್ಡಿಗೆ ಅಂಟಿಸಿ, ಇದ್ದಿಲ ಪುಡಿಯ ಬಟ್ಟೆಗಂಟಿನಿಂದ ತಟ್ಟಿದರೆ ಸಾಕು, ಚುಕ್ಕಿಗಳ ಸಾಲಿನಲ್ಲಿ ಅಕ್ಷರ ಬಂದು ಕೂರುತ್ತಿತ್ತು. ಒಳಗೆ ಬಣ್ಣ ತುಂಬುವುದು, ಮೂಲೆಯಲ್ಲಿ ಹೆಸರು ಹಾಕುವುದು ನನ್ನ ಕೆಲಸ. ಊಟದ ಪಾತ್ರೆ ತೊಳೆದಾದ ಮೇಲಿನ ಅವಳ ಮಧ್ಯಾಹ್ನಗಳೆಲ್ಲ ಹೀಗೆ ಪೇಟೆಯ ಹಣೆಗಳಿಗೆ ಹೋದವು.

ಒಂದು ಸಲ ಕೇಳಿದಳು: "ಮೂಲೇಲಿ ನಂದೂ ಒಂದು 'ಸ' ಹಾಕೋ, ಯಾರಿಗೂ ಕಾಣಿಸ್ದಷ್ಟು ಸಣ್ಣದಾಗಿ."

"ಹೆಂಗಸು ಬರೆದಿರೋದು ಅಂತ ಗೊತ್ತಾದ್ರೆ ಪೇಟೆಯೋರು ನಗ್ತಾರೆ ಕಣೆ" ಎಂದು ನಾನೇ ನಕ್ಕುಬಿಟ್ಟೆ.

ಅದನ್ನೂ ಅವಳು ನುಂಗಿಕೊಂಡಳು. ನುಂಗದೇ ಹೋದದ್ದು ಇನ್ನೊಂದು ದಿನದ್ದು. ಛತ್ರವೊಂದರ ದೊಡ್ಡ ಬೋರ್ಡು ಮುಗಿದಾಗ ಯಜಮಾನರು ಖುಷಿಯಾಗಿ ಹಣ್ಣು ಹಂಪಲು ಹಿಡಿದು ಮನೆಗೇ ಬಂದರು. ಅಕ್ಕ ಕಾಫಿ ತಂದಳು. "ಈ ಕೈ ಯಾರ ಹತ್ರ ಪಳಗಿದ್ದಪ್ಪಾ?" ಎಂದು ಅವರು ಕೇಳಿದರು. ಲೋಟ ಕೆಳಗಿಡುತ್ತಿದ್ದ ಅವಳ ಕೈ ನಿಂತಿತು. ಕಾಯುತ್ತಿದ್ದಳು ಎಂದು ಈಗ ಅನಿಸುತ್ತದೆ. ಆಗಲೂ ಅನಿಸಿತ್ತು, ಸುಳ್ಳು ಯಾಕೆ.

"ಯಾರೂ ಕಲಿಸಿಲ್ಲ ಸಾರ್, ದೇವರು ಕೊಟ್ಟ ಕೈ" ಎಂದೆ.

ಅವರು ಹೋದಮೇಲೆ ಅಕ್ಕ ಚುಚ್ಚಿದ ಹಾಳೆಗಳ ಕಟ್ಟನ್ನೂ ಕಂಬಳಿಯನ್ನೂ ತಂದು ನನ್ನ ಮುಂದಿಟ್ಟಳು. ಸೂಜಿ ಮಾತ್ರ ಕೊಡಲಿಲ್ಲ. "ದೇವರು ಕೊಟ್ಟ ಕೈಗೆ ಸೂಜಿ ಯಾಕೋ?" ಎಂದಳು. ಅಂದಿನಿಂದ ಗೆರೆ ಎಳೆಯಲಿಲ್ಲ. ಬಾಗಿಲಿಗೂ ಬರೀ ಎರಡು ಅಡ್ಡಗೆರೆ. ಮರುವರ್ಷ ಮದುವೆಯಾಗಿ ವೈಯಾಲಿಕಾವಲ್‌ಗೆ ಹೋದಳು. ಹಬ್ಬಕ್ಕೆ ಹೋಗುತ್ತೇನೆ, ಊಟ ಹಾಕುತ್ತಾಳೆ, ಮಾತಾಡುತ್ತಾಳೆ. ಬೋರ್ಡಿನ ಮಾತು ಬಂದರೆ ಎದ್ದು ಒಲೆ ನೋಡಲು ಹೋಗುತ್ತಾಳೆ. ನಾನು ಅವಳ ಹಾಳೆಗಳನ್ನೇ ತೂತು ಹಿಗ್ಗುವ ತನಕ ತಟ್ಟಿ ತಟ್ಟಿ ಬದುಕಿದೆ.

ಈಗ ಸ್ಲೇಟಿನ ಕಡೆ ಬರೋಣ. ಮೊದಲ ವಾರ ನಾನು ಅದರ ಮುಂದೆ ಪಟ್ಟ ಪಾಡನ್ನು ನೀವು ನೋಡಿದ್ದರೆ ನಗುತ್ತಿದ್ದಿರಿ. ಒದ್ದೆ ಬಣ್ಣ ಅಳಿಸೀತೆಂದು ಅಂಗೈ ಎತ್ತಿಕೊಂಡೇ ಬರೆಯುತ್ತಿದ್ದೆ. ಗೆರೆ ಮುಗಿದೊಡನೆ ಕಡ್ಡಿಯ ತುದಿಯನ್ನು ಪಂಚೆಗೆ ಒರೆಸುತ್ತಿದ್ದೆ. ಕಾಗದ ತಿರುಗಿಸಿದ ಹಾಗೆ ಸ್ಲೇಟು ತಿರುಗಿಸಿದರೆ ಪರದೆಯ ಮೇಲೆ ಗೆರೆ ಕುಡಿದವನಂತೆ ಎತ್ತಲೋ ಹೊರಟುಹೋಗುತ್ತಿತ್ತು. "ಕೈ ನೋಡ್ಬೇಡಿ ಅಂಕಲ್, ಪರದೆ ನೋಡಿ" ಎಂದು ಮೇಘನಾ ಹೇಳಿದ್ದೇ ಹೇಳಿದ್ದು. ಕೈ ನೋಡದೆ ಬರಹವನ್ನಷ್ಟೇ ನೋಡುವುದು ನನಗೆ ಹೊಸದೇನಾಗಿರಲಿಲ್ಲ. ಬದುಕಿಡೀ ಮಾಡಿದ್ದು ಅದನ್ನೇ. ಆದರೂ ಗೆರೆ ಬಗ್ಗಲಿಲ್ಲ. ಚುಕ್ಕಿ ತುಂಬಿದವನಿಗೆ ಖಾಲಿ ಬಯಲಲ್ಲಿ ನಡೆಯಲು ಬಂದೀತೆ?

ಆಮೇಲೊಂದು ಮಧ್ಯಾಹ್ನ ಕಳ್ಳಬುದ್ಧಿ ಹೊಳೆಯಿತು. ಮನೆಬಾಗಿಲಿನ ಹೆಸರು ಹಲಗೆಗಳಿಗೆಂದು ಅಕ್ಕ ಚುಚ್ಚಿದ್ದ ಅಂಗೈಯಗಲದ ಹಾಳೆಗಳು ಟ್ರಂಕಿನಲ್ಲಿದ್ದವು. ಒಂದನ್ನು ಸ್ಲೇಟಿನ ಮೇಲಿಟ್ಟು ತೂತುಗಳ ಗುಂಟ ಕಡ್ಡಿ ಎಳೆದೆ. ಕಾಗದ ಅಡ್ಡವಿದ್ದರೂ ಆ ಯಂತ್ರ ಕೈಯನ್ನು ಬಲ್ಲುದು. ಪರದೆಯ ಮೇಲೆ ಕೊಡ ಹೊತ್ತ ಆ 'ಅ' ಬಂದು ನಿಂತಿತು, ನಲವತ್ತು ವರ್ಷ ಎಲ್ಲೂ ಹೋಗಿರದವಳಂತೆ.

"ಅಬ್ಬಾ ಅಂಕಲ್!" ಎಂದಳು ಮೇಘನಾ.

ತಿಂಗಳೊಳಗೆ, ಅಕ್ಷರಕ್ಕೊಂದರಂತೆ ಅವಳು ಪರದೆಯ ಮೇಲೆ ಹಾಕಿಟ್ಟಿದ್ದ ಚೌಕಗಳೆಲ್ಲ ತುಂಬಿದವು, ಮೂರರ ಹೊರತು: ಝ, ಙ, ಞ. ಯಾವ ಅಂಗಡಿಗೂ ಯಾವ ಮನೆಗೂ ಬೇಕಾಗದ ಅಕ್ಷರಗಳು. ಅಕ್ಕ ಅವನ್ನು ಚುಚ್ಚಿಯೇ ಇರಲಿಲ್ಲ. ವಿಧಿಯಿಲ್ಲದೆ 'ಝ'ವನ್ನು ನಾನೇ ಬರೆದು ಕಳಿಸಿದೆ. ಬಾಣಂತಿ ಎಮ್ಮೆ ಏಳಲಾರದೆ ಕೂತ ಹಾಗಿತ್ತು. ಮೇಘನಾ ಸಂಜೆ ಬಂದು ಪರದೆಯನ್ನೇ ನೋಡುತ್ತಾ ಕೂತಳು.

"ಬೇಜಾರ್ ಮಾಡ್ಕೋಬೇಡಿ ಅಂಕಲ್. ಇದೊಂದು ಬೇರೆ ಯಾರೋ ಬರೆದ ಹಾಗಿದೆ."

"ಕೈ ನಡುಗ್ತಮ್ಮ" ಎಂದೆ.

ಮರುದಿನ ಸ್ಲೇಟನ್ನು ಚೀಲಕ್ಕೆ ಹಾಕಿಕೊಂಡು ವೈಯಾಲಿಕಾವಲ್ ಬಸ್ಸು ಹತ್ತಿದೆ. ಅಕ್ಕ ಅಡುಗೆಮನೆಯ ಮುಂದೆ ಕಾಲು ಚಾಚಿ, ನೆನೆಸಿದ ಅವರೆಕಾಳು ಹಿದುಕುತ್ತಾ ಕೂತಿದ್ದಳು.

"ಏನೋ ಅದು, ಸ್ಲೇಟು? ಈ ವಯಸ್ಸಲ್ಲಿ ಒಂದನೇ ಕ್ಲಾಸಿಗೆ ಸೇರ್ಕೊಂಡ್ಯಾ?"

ಎಲ್ಲ ಹೇಳಿದೆ. ಅವಳು ಏಳಲಿಲ್ಲ. ಕಾಳು ಸಿಪ್ಪೆ ಬಿಟ್ಟು ಟಣ್ ಟಣ್ ಎಂದು ಪಾತ್ರೆಗೆ ಬೀಳುತ್ತಲೇ ಇತ್ತು.

"ಮೂರಕ್ಷರ ಬೇಕಕ್ಕ."

"ಆ ಹುಡುಗೀಗೆ ಯಾರ್ದು ಅಂತ ಹೇಳಿದೀಯ?"

"ನಂದು ಅಂತ."

"ಮತ್ತೆ ನಿಂದೇ ಬರಿ."

"ನಿನ್ನ ಹೆಸರು ಹಾಕ್ಸ್ತೀನಕ್ಕ, ದೇವ್ರಾಣೆಗೂ."

"ಹೆಸ್ರು ತಗೊಂಡು ಈಗ ಏನ್ ಮಾಡ್ಲೋ, ಹುಳಿಗೆ ಹಾಕ್ಲಾ? ಕೇಳ್ದಾಗ ಒಂದು 'ಸ' ಹಾಕಕ್ಕೆ ನಿಂಗೆ ಜಾಗ ಇರ್ಲಿಲ್ಲ. ಈಗ ಬಂದಿರೋದೂ ನಂಗೋಸ್ಕರ ಅಲ್ಲ ಕಣೋ ಚಂದ್ರ. ನಿನ್ನ ಹೊಟ್ಟೆ ತಣ್ಣಗಾಗ್ಲಿ ಅಂತ."

ಚೀಲದಿಂದ ಒಂದು ಕಾಗದ ತೆಗೆದು ಕೊಟ್ಟೆ. ನಾನು ಪರದೆಯಿಂದ ಮುದ್ರಿಸಿ ತಂದಿದ್ದ ನನ್ನ 'ಝ'ವನ್ನು ಅವಳು ತೋಳಿನಷ್ಟು ದೂರ ಹಿಡಿದು ನೋಡಿದಳು. ಮುಖ ಸೊಟ್ಟಗಾಯಿತು, ರಂಗೋಲಿ ಅಚ್ಚು ಕಂಡಾಗ ಆಗುತ್ತಿದ್ದ ಹಾಗೆಯೇ. ಆಮೇಲೆ ತಡೆಯಲಾರದೆ ಎಂಬಂತೆ ಅವರೆಯ ನೀರಿನಲ್ಲಿ ಒದ್ದೆಯಾದ ಬೆರಳಿನಿಂದ ನೆಲದ ಕಲ್ಲಿನ ಮೇಲೆ ಒಂದೇ ಒಂದು ಬಾಗು ಎಳೆದಳು. "ಇಲ್ಲಿ ಉಸಿರು ಬಿಡ್ಬೇಕು. ನೀನು ಹಿಡ್ಕೊಂಡ್ಬಿಡ್ತೀಯ." ನಾನು ಬಗ್ಗಿ ನೋಡುವಷ್ಟರಲ್ಲಿ ಆ ಬಾಗು ಅಂಚಿನಿಂದ ಆರುತ್ತಾ ಬಂದು ಇಲ್ಲವಾಯಿತು.

"ಹಬ್ಬಕ್ಕೆ ಬಾ" ಎಂದಳು ಬಾಗಿಲಲ್ಲಿ. "ಅದನ್ನ ಮಾತ್ರ ತರ್ಬೇಡ."

ಬಸ್‌ಸ್ಟಾಪಿನಲ್ಲಿ ನಿಂತೇ ಮೇಘನಾಗೆ ಫೋನು ಮಾಡಿದೆ. "ಆ ಅಕ್ಷರಗಳು ನಂದಲ್ಲಮ್ಮ. ನಮ್ಮಕ್ಕ ಸರೋಜಂದು. ನಾನು ಬರೀ ಪುಡಿ ತಟ್ಟಿ ಬಣ್ಣ ತುಂಬ್ದೋನು. ನಿಂಗೂ ಅವಳ ಹಾಳೆ ಇಟ್ಟೇ ತಿದ್ದಿ ಕೊಟ್ಟೆ." ಅವಳು ಮೆಲ್ಲಗೆ, "ಹಾಗಾದ್ರೆ ಆ ಝ?" ಎಂದಳು.

"ಅದೊಂದೇ ನಂದು."

ಅವಳು ಬೈಯಲಿಲ್ಲ. ಅಕ್ಕನ ಒಪ್ಪಿಗೆ ಕೇಳಲು ತಾನೇ ಹೋಗುತ್ತೇನೆ, ಅವರು ಒಪ್ಪಿದರೆ ಮಾತ್ರ ಮುಂದಿನದು ಎಂದಳು. ಅಕ್ಕ ಕಾಫಿ ಕೊಟ್ಟು, 'ಯೋಚ್ನೆ ಮಾಡ್ತೀನಿ' ಎಂದು ಕಳಿಸಿದಳಂತೆ. ಇನ್ನೂ ಯೋಚಿಸುತ್ತಿದ್ದಾಳೆ. ಅದು ಅವಳ ಹಕ್ಕು. ಸ್ಲೇಟನ್ನು ಮೇಘನಾ ವಾಪಸು ಕೇಳಲಿಲ್ಲ, ಆದರೆ ಮೊದಲಿನ ಹಾಗೆ ಸಂಜೆ ಬರುವುದೂ ಇಲ್ಲ.

ಹಾಗಾಗಿ ಮಧ್ಯಾಹ್ನಗಳಲ್ಲಿ ಮತ್ತೆ ನಾನೊಬ್ಬನೇ. ನಲ್ಲಿಗಳು ನಿಂತಮೇಲೆ ಮಣೆಯ ಮುಂದೆ ಕೂತು, ಹಾಳೆ ಇಡದೆ, ಯಾರಿಗೂ ಬೇಡದ ಆ 'ಝ'ವನ್ನು ಬರೆಯುತ್ತೇನೆ. ಬಾಗು ಬರುವಾಗ ಉಸಿರು ಬಿಡಲು ನೋಡುತ್ತೇನೆ, ಒಮ್ಮೊಮ್ಮೆ ನೆನಪಾಗುತ್ತದೆ. ಎಮ್ಮೆ ಇನ್ನೂ ಎದ್ದಿಲ್ಲ, ಮುಂಗಾಲು ಊರಿದೆ ಅಷ್ಟೆ.

ಸ್ಲೇಟಿನ ಮೇಲೆ ಬರೆದದ್ದು ಕಾಣುವುದಿಲ್ಲ ಎಂದೆನಲ್ಲ, ಅದು ಪೂರ್ತಿ ನಿಜವಲ್ಲವೆಂದು ನಿನ್ನೆ ತಿಳಿಯಿತು. ಧೂಳು ಒರೆಸಲು ಎತ್ತಿ ಕಿಟಕಿಯ ಬಿಸಿಲಿಗೆ ಓರೆಯಾಗಿ ಹಿಡಿದಾಗ, ಕಡ್ಡಿ ಓಡಾಡಿದ ಕಡೆಯಲ್ಲೆಲ್ಲ ಕೂದಲೆಳೆಯಂಥ ಗೀರುಗಳು ಕಂಡವು. ಅಡಿಯಲ್ಲಿದ್ದ ಮಣೆಯನ್ನೂ ಎತ್ತಿ ಅದೇ ಬಿಸಿಲಿಗೆ ಹಿಡಿದೆ. ಸೂಜಿ ತೂತುಗಳು ಸಾವಿರ ಸಾವಿರ, ಒಂದರ ಮೇಲೊಂದು ಅಕ್ಷರ, ಯಾವುದೂ ಓದಲಾಗದಂತೆ. ಹುಡುಕಿದೆ. ಒಂದು ಮೂಲೆಯಲ್ಲಿ, ಬೇರೆಲ್ಲದರಿಂದ ದೂರ, ಯಾರಿಗೂ ಕಾಣಿಸದಷ್ಟು ಸಣ್ಣದಾಗಿ, ಒಂದು 'ಸ' ಇತ್ತು.