ಕಿನ್ನೂ ಸಿಪ್ಪೆಯ ನೆಗ್ರೋನಿ

ಅಪ್ಪ ಕುಡಿಯುವುದನ್ನು ಬಿಟ್ಟದ್ದು ಸರ್ಕಾರಿ ಆದೇಶ ಜಾರಿಗೆ ಬಂದ ಹಾಗೆ. ಡಾಕ್ಟರು ರಿಪೋರ್ಟು ನೋಡಿ, ಲಿವರ್ ಸುಸ್ತಾಗಿದೆ, ಇನ್ನು ಒಂದು ಹನಿಯೂ ಬೇಡ ಎಂದರು. ಅಪ್ಪ ಸರಿ ಎಂದರು. ಮನೆಗೆ ಬಂದವರೇ ಅಲಮಾರಿಯಲ್ಲಿದ್ದ ರಮ್ಮಿನ ಬಾಟಲಿಯನ್ನು ಸಿಂಕಿಗೆ ಬಗ್ಗಿಸಿ, ಬಾಟಲಿ ತೊಳೆದು, ಹಳೇ ಸಾಮಾನು ಕೊಳ್ಳುವ ಕಬಾಡಿಯವನಿಗೆಂದು ಬಾಲ್ಕನಿಯಲ್ಲಿಟ್ಟರು. ಜೀವನವಿಡೀ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕೆಲಸ ಮಾಡಿ ರಿಟೈರಾದವರು. ಮೇಲಿನಿಂದ ಬಂದದ್ದನ್ನು ಪ್ರಶ್ನಿಸಿ ಅಭ್ಯಾಸವಿಲ್ಲ.

ಕಷ್ಟ ಶುರುವಾದದ್ದು ಶನಿವಾರ. ಶನಿವಾರ ಸಂಜೆ ಅಪ್ಪನಿಗೆ ಇಸ್ಪೀಟು. ಹಳೆಯ ಆಫೀಸಿನ ಇಬ್ಬರು ಸ್ನೇಹಿತರು, ಇಬ್ಬರೂ ಕರ್ನಾಟಕದವರೇ. ಒಬ್ಬರು ಪೀತಮ್‌ಪುರದಲ್ಲಿದ್ದಾರೆ, ಇನ್ನೊಬ್ಬರು ಘಾಜಿಯಾಬಾದಿನಲ್ಲಿ. ನಾವಿರುವುದು ದೆಹಲಿಯ ರೋಹಿಣಿಯಲ್ಲಿ. ಮೂವರೂ ಮೆಟ್ರೋದ ಒಂದೇ ರೆಡ್ ಲೈನಿನ ಮೇಲಿರುವುದರಿಂದ ಈ ಸ್ನೇಹ ಉಳಿದಿದೆ, ಎಲ್ಲಾದರೂ ಲೈನ್ ಬದಲಾಯಿಸಬೇಕಾಗಿದ್ದರೆ ಎಂದೋ ಮುಗಿದಿರುತ್ತಿತ್ತು ಎಂಬುದು ಅಮ್ಮನ ಅಭಿಪ್ರಾಯ. ಪೀತಮ್‌ಪುರದ ಅಂಕಲ್ ಮನೆಯಲ್ಲಿ ಸೇರುತ್ತಾರೆ, ಎಲೆ ಹಾಕುತ್ತಾರೆ, ಕುಡಿಯುತ್ತಾರೆ, ಕನ್ನಡದಲ್ಲಿ ಜಗಳವಾಡುತ್ತಾರೆ. ವಾರವಿಡೀ ಹಿಂದಿಯಲ್ಲಿ ಚುಟುಕಾಗಿ ಬದುಕುವ ಅಪ್ಪ ಆ ಒಂದು ಸಂಜೆ ಬಾಯಿತುಂಬ ಮಾತಾಡಿ ಬರುತ್ತಿದ್ದರು.

ಬಿಟ್ಟ ಮೇಲಿನ ಮೊದಲ ಶನಿವಾರವೂ ಹೋದರು. ಬೇಗ ವಾಪಸು ಬಂದರು.

"ಏನಾಯ್ತು?" ಎಂದಳು ಅಮ್ಮ.

"ಮ್ಯಾಂಗೋ ಜ್ಯೂಸ್ ಕೊಟ್ರು. ಸ್ಟ್ರಾ ಹಾಕಿ."

ಅಮ್ಮ ಟಿವಿಯ ಸದ್ದು ತಗ್ಗಿಸಿದಳು.

"ಎರಡು ಗುಟುಕಿಗೆ ಮುಗಿದುಹೋಯ್ತು ಕಣೇ. ಅವರದ್ದಿನ್ನೂ ಮೊದಲನೇ ಗ್ಲಾಸು. ನಾನು ಖಾಲಿ ಡಬ್ಬಿ ಹಿಡ್ಕೊಂಡು ಎಷ್ಟೊತ್ತು ಅಂತ ಕೂತಿರ್ಲಿ?"

ಮುಂದಿನ ಶನಿವಾರ ಮಂಡಿನೋವು ಎಂದರು. ಅದರ ಮುಂದಿನ ವಾರ ಮಂಜು ಜಾಸ್ತಿ ಎಂದರು. ಆಮೇಲೆ ಏನನ್ನೂ ಹೇಳದೆ ಟಿವಿ ಮುಂದೆ ಕೂತರು. ಪೀತಮ್‌ಪುರದ ಅಂಕಲ್ ಫೋನು ಮಾಡಿ, ಇಬ್ಬರೇ ರಮ್ಮಿ ಆಡಿದರೆ ಯಾರ ಕೈಯಲ್ಲಿ ಯಾವ ಎಲೆ ಇದೆ ಅಂತ ಇಬ್ಬರಿಗೂ ಗೊತ್ತಾಗಿಬಿಡುತ್ತೆ ಎಂದು ದೂರಿದರು. ಅಪ್ಪ ಹೂಂ ಹೂಂ ಎಂದು ಫೋನಿಟ್ಟರು. ಆ ಸಂಜೆ ಅಮ್ಮನ ಸಂಬಾರ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ ಒಂದೊಂದಕ್ಕೂ ಹಿಂದಿ ಮತ್ತು ಇಂಗ್ಲಿಷಿನಲ್ಲಿ ಲೇಬಲ್ ಅಂಟಿಸಿದರು. ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಹಾಲಿಗೆ ಬಂದು ನನ್ನ ಹತ್ತಿರ ಮೆಲ್ಲಗೆ, "ಕುಡೀತಿದ್ದಾಗ ಈ ಮನುಷ್ಯ ಹೀಗಿರ್ಲಿಲ್ಲ," ಎಂದಳು. ಲೇಬಲ್ಲಿನ ಬಗ್ಗೆ ಹೇಳುತ್ತಿಲ್ಲ ಎಂದು ನನಗೆ ಗೊತ್ತಾಯಿತು. ಅಪ್ಪ ಮನೆಯೊಳಗೇ ನಿಧಾನವಾಗಿ ಮಾತು ನಿಲ್ಲಿಸುತ್ತಿದ್ದರು.

ನಾನು ಎಂ.ಎ. ಓದುತ್ತಿದ್ದೇನೆ. ವಿಷಯ ಅರ್ಥಶಾಸ್ತ್ರ. ಉಳಿದದ್ದೆಲ್ಲ ಫೋನಿನಲ್ಲಿ ಕಲಿತದ್ದು: ಬ್ರೆಡ್ಡು, ಸೋಪು, ಹೊಲಿಗೆ ಮೆಶಿನ್ನಿನ ರಿಪೇರಿ. ಸೋಪು ಈಗಲೂ ಬಾತ್‌ರೂಮಿನಲ್ಲಿದೆ, ಯಾರೂ ಮುಟ್ಟುವುದಿಲ್ಲ. ಅಪ್ಪನ ಸಮಸ್ಯೆಯನ್ನೂ ಅದೇ ಹುಮ್ಮಸ್ಸಿನಲ್ಲಿ ಕೈಗೆತ್ತಿಕೊಂಡೆ. ಯೋಚಿಸಿ ನೋಡಿದರೆ ಅಪ್ಪನಿಗೆ ಬೇಕಾಗಿದ್ದದ್ದು ಮದ್ಯವಲ್ಲ, ಗಟಗಟ ಕುಡಿಯಲಾಗದ ಏನೋ ಒಂದು. ಸಿಹಿ ಬೇಗ ಮುಗಿಯುತ್ತದೆ. ಕಹಿ ಮುಗಿಯುವುದಿಲ್ಲ. ಹಾಗೆ ಹುಡುಕುತ್ತ ಹೋದಾಗ ಸಿಕ್ಕಿದ್ದು ನೆಗ್ರೋನಿ. ಇಟಲಿಯವರು ಊಟಕ್ಕೆ ಮುಂಚೆ, ಹಸಿವಾಗಲಿ ಎಂದು ಕುಡಿಯುವ ಪಾನೀಯ. ಜಿನ್ನು, ಮಸಾಲೆ ಹಾಕಿದ ಸಿಹಿ ವೈನು, ಕಿತ್ತಳೆ ಸಿಪ್ಪೆ ಮತ್ತು ಬೇರುಗಳಿಂದ ಮಾಡಿದ ಕೆಂಪು ಕಹಿ ಮದ್ಯ, ಮೂರೂ ಸಮ ಪಾಲು, ಐಸು, ಮೇಲೊಂದು ಕಿತ್ತಳೆ ಹೋಳು. ಮದ್ಯವನ್ನು ತೆಗೆದುಬಿಟ್ಟರೆ ಉಳಿಯುವುದು ಸಿಪ್ಪೆ, ಬೇರು, ಮಸಾಲೆ. ಇವೆಲ್ಲ ದೆಹಲಿಯಲ್ಲಿ ಸಿಗುತ್ತವೆ.

ಚಳಿಗಾಲವಾದ್ದರಿಂದ ಮಾರ್ಕೆಟ್ಟಿನ ತುಂಬ ಕಿನ್ನೂ ಹಣ್ಣಿನ ಜ್ಯೂಸ್ ಗಾಡಿಗಳು. ಕಿನ್ನೂ ಎಂದರೆ ನಮ್ಮ ಕಿತ್ತಳೆಯ ಪಂಜಾಬಿ ತಮ್ಮ. ಒಳಗೆ ಸಿಹಿ, ಸಿಪ್ಪೆ ಮಾತ್ರ ಬಲು ಕಹಿ. ಗಾಡಿಯ ಪಕ್ಕದಲ್ಲಿ ಸಿಪ್ಪೆಯ ಗುಡ್ಡೆಯೇ ಇರುತ್ತದೆ. "ಭಯ್ಯಾ, ಸಿಪ್ಪೆ ಕೊಡ್ತೀರಾ?" ಎಂದು ಹಿಂದಿಯಲ್ಲಿ ಕೇಳಿದೆ. ಮನೆಯಲ್ಲಿ ಮೇಕೆ ಇದೆಯಾ ಎಂದು ಅವನು ಕೇಳಿದ. ಇಲ್ಲ, ಅಪ್ಪನಿಗೆ ಎಂದೆ. ಅವನು ಮತ್ತೇನೂ ಕೇಳದೆ, ಆಗಷ್ಟೇ ಸುಲಿದ ಒಳ್ಳೆಯ ಸಿಪ್ಪೆಗಳನ್ನು ಆರಿಸಿ ಚೀಲಕ್ಕೆ ತುಂಬಿಕೊಟ್ಟ.

ಬೇರು ಕಡ್ಡಿಗಳಿಗೆ ಗ್ರಂಧಿಗೆ ಅಂಗಡಿಗೆ ಹೋದೆ. ಇಲ್ಲಿ ಅದಕ್ಕೆ ಪಂಸಾರಿ ಎನ್ನುತ್ತಾರೆ. ಕೆಂಪು ಬಣ್ಣಕ್ಕೆ ಒಣಗಿದ ದಾಸವಾಳ, ಜಿನ್ನಿನ ಪರಿಮಳಕ್ಕೆ ಜೂನಿಪರ್ ಕಾಯಿ, ಕಹಿಗೆ ಕಿರಾತಕಡ್ಡಿ. ಕಿರಾತಕಡ್ಡಿಯನ್ನು ಹಿಂದಿಯಲ್ಲಿ ಚಿರಾಯತಾ ಎಂದು ಕೇಳಿದ ಕೂಡಲೇ ಅಂಗಡಿಯ ಮುದುಕರು ಕನ್ನಡಕ ಸರಿಮಾಡಿಕೊಂಡು, ಯಾರಿಗೆ ಜ್ವರ ಎಂದರು. ಅಪ್ಪನಿಗೆ ಎಂದೆ. ವಿವರಿಸುವುದಕ್ಕಿಂತ ಅದು ಸುಲಭವಾಗಿತ್ತು.

ಮೊದಲ ಪ್ರಯತ್ನದಲ್ಲಿ ಕಿರಾತಕಡ್ಡಿಯನ್ನು ಒಂದು ಹಿಡಿ ಹಾಕಿದೆ. ಒಂದು ಚಿಟಿಕೆ ಸಾಕಿತ್ತು ಎಂದು ಕುದ್ದ ಮೇಲೆ ತಿಳಿಯಿತು. ಒಂದು ಚಮಚ ಬಾಯಿಗೆ ಹಾಕಿಕೊಂಡದ್ದು ಮಾರನೆಯ ದಿನದ ಕಾಫಿಯಲ್ಲೂ ಇತ್ತು. ಎರಡನೆಯದರಲ್ಲಿ ಬಣ್ಣ ಕೆಟ್ಟಿತು. ದಾಸವಾಳ ಒಂದು ರೀತಿಯ ಶೋಕದ ನೇರಳೆಗೆ ತಿರುಗಿತು. ನಿಂಬೆಹುಳಿ ಹಿಂಡಿದ ಮೇಲೆ ಚಕ್ಕನೆ ಕೆಂಪಾಯಿತು. ವೈನಿನ ಬದಲಿಗೆ ಕಪ್ಪು ದ್ರಾಕ್ಷಿ ರಸವನ್ನು ಲವಂಗ, ಚಕ್ಕೆ ಹಾಕಿ ಅರ್ಧಕ್ಕೆ ಇಳಿಸಿದೆ. ಜಿನ್ನಿನ ಬದಲಿಗೆ ಜೂನಿಪರ್ ಕಾಯಿ, ಕೊತ್ತಂಬರಿ ಬೀಜ, ಗಂಟಲಲ್ಲಿ ಸ್ವಲ್ಪ ಉರಿಯಲಿ ಎಂದು ಕಾಳುಮೆಣಸು ಹಾಕಿ ಕುದಿಸಿದ ನೀರು. ಮೂರನೆಯ ಸಲ ಮೂರನ್ನೂ ಬೆರೆಸಿ ಐಸು ಹಾಕಿ ಅಪ್ಪನ ಮುಂದಿಟ್ಟೆ.

ಅಪ್ಪ ಪೇಪರ್ ಮಡಿಚಿ ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿದರು. "ಏನಿದು?"

"ನೆಗ್ರೋನಿ. ಇಟಲಿದು. ಇದ್ರಲ್ಲಿ ಆಲ್ಕೋಹಾಲ್ ಇಲ್ಲ."

ಒಂದು ಗುಟುಕು ಕುಡಿದರು. ಮುಖದಲ್ಲಿ ಯಾವ ಬದಲಾವಣೆಯೂ ಕಾಣಲಿಲ್ಲ. "ಒರಿಜಿನಲ್ ಥರಾನೇ ಇದೆಯಾ?"

"ಹೆಚ್ಚು ಕಮ್ಮಿ."

"ಒರಿಜಿನಲ್ ರುಚಿ ನಿಂಗೆ ಹೇಗೆ ಗೊತ್ತು?"

"ಓದಿದ್ದೀನಿ, ಅಪ್ಪ."

"ಓದಿದ್ದೀಯ," ಎಂದು ಪೇಪರ್ ಮತ್ತೆ ಬಿಡಿಸಿದರು. ಆದರೆ ಗ್ಲಾಸನ್ನು ಕೆಳಗಿಡಲಿಲ್ಲ. ಕ್ರೀಡಾಪುಟದವರೆಗೂ ಅದು ಕೈಯಲ್ಲೇ ಇತ್ತು. ನಾನು ಸೋಫಾದ ಹಿಂದಿನಿಂದ ಅದನ್ನೇ ನೋಡುತ್ತಿದ್ದೆ.

ಅಪ್ಪ ಪೀತಮ್‌ಪುರಕ್ಕೆ ಹೋಗದಿದ್ದರೆ ಪೀತಮ್‌ಪುರವನ್ನೇ ಇಲ್ಲಿಗೆ ಕರೆಸುವುದು ಎಂದು ಅಮ್ಮನೂ ನಾನೂ ಮಾತಾಡಿಕೊಂಡೆವು. ಸಂಕ್ರಾಂತಿ ಹತ್ತಿರವಿತ್ತು. ಶನಿವಾರ ಎಳ್ಳುಬೆಲ್ಲಕ್ಕೆ ಬನ್ನಿ, ಇಸ್ಪೀಟಿನ ಎಲೆಯನ್ನೂ ತನ್ನಿ ಎಂದು ಅಮ್ಮನೇ ಫೋನು ಮಾಡಿ ಇಬ್ಬರನ್ನೂ ಕರೆದಳು. ಅಪ್ಪನಿಗೆ ಹೇಳಿದಾಗ, "ಅವರು ಕುಡೀತಾರೆ, ನಾನು ನೋಡ್ತಾ ಕೂರ್ಬೇಕು," ಎಂದರು. ನಾನು ಅದಕ್ಕೆ ವ್ಯವಸ್ಥೆ ಇದೆ ಎಂದೆ. "ಅಚ್ಛಾ," ಎಂದರು, ಕಡತವನ್ನು ಪಕ್ಕಕ್ಕಿಡುವವರ ಹಾಗೆ. ಈ ಸಂಜೆಯೂ ಕೆಟ್ಟರೆ ಅಪ್ಪ ಮತ್ತೆ ಯಾರೊಂದಿಗೂ ಕೂರುವುದಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಶುಕ್ರವಾರವೇ ಎಲ್ಲ ತಯಾರು ಮಾಡಿದೆ. ದ್ರಾಕ್ಷಿ ರಸ, ಜೂನಿಪರ್ ನೀರು ಬಾಟಲಿಯಲ್ಲಿ ತುಂಬಿ ಫ್ರಿಜ್ಜಿಗೆ ಸೇರಿಸಿದೆ. ಕೆಂಪು ಕಹಿ ಮಾತ್ರ ಸಿಪ್ಪೆಯೊಂದಿಗೇ ನೆನೆಯಲಿ, ಕೊನೆ ಗಳಿಗೆಯಲ್ಲಿ ಸೋಸಿದರೆ ರುಚಿ ಆಳವಾಗುತ್ತದೆ ಎಂದು ಫೋನಿನಲ್ಲಿ ಯಾರೋ ಹೇಳಿದ್ದರಿಂದ ಅದನ್ನು ಪಾತ್ರೆಯಲ್ಲೇ ಮುಚ್ಚಿ ಅಡುಗೆಮನೆಯ ಕಟ್ಟೆಯ ಮೇಲಿಟ್ಟೆ. ಶನಿವಾರ ಮಧ್ಯಾಹ್ನ ಐಸು ತರಲು ಹೋದೆ.

ವಾಪಸು ಬಂದಾಗ ಮನೆಯೆಲ್ಲ ಒಂದು ಪರಿಚಿತ ವಾಸನೆ.

ಕಿತ್ತಳೆ ಸಿಪ್ಪೆಯ ಗೊಜ್ಜು ಗೊತ್ತಿಲ್ಲದವರಿಗೆ ಹೇಳಬೇಕು. ಬೇರೆಯವರು ಎಸೆಯುವ ಸಿಪ್ಪೆಯನ್ನು ನಮ್ಮವರು ಸಣ್ಣಗೆ ಹೆಚ್ಚಿ, ಹುಣಸೆಹುಳಿ, ಬೆಲ್ಲ, ಉಪ್ಪು, ಸಾರಿನ ಪುಡಿ ಹಾಕಿ ಕುದಿಸಿ, ಒಗ್ಗರಣೆ ಕೊಟ್ಟು, ಅನ್ನಕ್ಕೆ ಕಲಸಿ ಊಟ ಮಾಡುತ್ತೇವೆ. ಕಹಿಯಾದ ಸಿಪ್ಪೆ ಕೆಂಪಗಿನ ರಸದಲ್ಲಿ ತೇಲುತ್ತಿರುವುದನ್ನು ನಮ್ಮ ಮನೆಯ ಯಾವ ಹೆಂಗಸು ನೋಡಿದರೂ ಅದಕ್ಕೆ ಒಂದೇ ಅರ್ಥ.

"ಗೊಜ್ಜು ಮಾಡಕ್ಕೆ ಹೋಗಿ ಅರ್ಧಕ್ಕೇ ಬಿಟ್ಟಿದ್ಯಲ್ಲೇ," ಎಂದಳು ಅಮ್ಮ. ದನಿಯಲ್ಲಿ ಸಂತೋಷವಿತ್ತು. ಮಗಳು ಕೊನೆಗೂ ಒಂದು ಅಡುಗೆಗೆ ಕೈ ಹಾಕಿದಳಲ್ಲ ಎಂದು. "ವಿಷ ಇದ್ದ ಹಾಗಿತ್ತು. ಎಳ್ಳುಬೆಲ್ಲಕ್ಕೆ ಹೆಚ್ಚಿಟ್ಟ ಬೆಲ್ಲದಲ್ಲೇ ಎರಡು ಹಿಡಿ ಹಾಕಿ ಸರಿಮಾಡಿದ್ದೀನಿ."

ಅವಳ ಕೈಯಲ್ಲಿ ಒಗ್ಗರಣೆ ಸೌಟಿತ್ತು. ಸಾಸಿವೆ ಸಿಡಿಯುತ್ತಿತ್ತು.

"ಅಮ್ಮ, ಅದು ಗೊಜ್ಜಲ್ಲ. ನೆಗ್ರೋನಿ."

ಅಮ್ಮನಿಗೆ ಕೇಳಿಸಿತು, ಅರ್ಥವೂ ಆಯಿತು. ಆದರೆ ಇಂಗು ಸೀದುಹೋಗುವುದರಲ್ಲಿತ್ತು, ಕೈ ಅದರ ಪಾಡಿಗೆ ಅದು ಬಗ್ಗಿತು. ಚುಂಯ್ ಎಂದಿತು. ಇಬ್ಬರೂ ಪಾತ್ರೆಯನ್ನು ನೋಡುತ್ತ ನಿಂತೆವು. ಕೆಂಪು ರಸದ ಮೇಲೆ ಸಾಸಿವೆ, ಎರಡು ಒಣಮೆಣಸಿನಕಾಯಿ, ಕರಿಬೇವು.

"ಬಾಟ್ಲೀಲಿರೋದೇ ಜ್ಯೂಸು ಅಂದ್ಕೊಂಡೆ," ಎಂದಳು ಅಮ್ಮ.

ಆಗಲೇ ಪೀತಮ್‌ಪುರದ ಅಂಕಲ್ ಫೋನು: ಇಬ್ಬರೂ ಮೆಟ್ರೋ ಇಳಿದಾಯಿತು, ಇ-ರಿಕ್ಷಾದಲ್ಲಿದ್ದೇವೆ. ಸಿಪ್ಪೆ ಮತ್ತೆ ತಂದು ನೆನೆಸಲು ಸಮಯವಿರಲಿಲ್ಲ. ಅಮ್ಮ ತೆಳ್ಳನೆಯ ಪಂಚೆಯ ತುಂಡು ಹಿಡಿದಳು, ನಾನು ಬಗ್ಗಿಸಿದೆ. ಮೇಲೆ ತೇಲಿದ ಎಣ್ಣೆಯನ್ನು ಚಮಚದಿಂದ ತೆಗೆದೆ. ಬಣ್ಣ ಇನ್ನೂ ಚೆನ್ನಾಗಿತ್ತು. ಮೂರನ್ನೂ ಸಮ ಪಾಲು ಬೆರೆಸಿ, ಐಸು ಹಾಕಿ, ಅಂಚಿಗೆ ಕಿನ್ನೂ ಹೋಳು ಸಿಕ್ಕಿಸಿದೆ. ನೋಡುವುದಕ್ಕೆ ಫೋನಿನಲ್ಲಿದ್ದ ಹಾಗೇ ಇತ್ತು.

ಅಂಕಲ್‌ಗಳು ಬಂದು ಸ್ವೆಟರು ಬಿಚ್ಚಿ ಕೂತರು. ಎಳ್ಳುಬೆಲ್ಲ ಕೈಗೆ ಕೊಟ್ಟ ಅಮ್ಮ, ಒಳ್ಳೇ ಮಾತಾಡಿ ಎಂದು ಹೇಳಿ ಅಡುಗೆಮನೆಗೆ ಹೋದಳು; ಬಾಗಿಲ ಮರೆಯಲ್ಲೇ ನಿಂತಳು. ಘಾಜಿಯಾಬಾದಿನ ಅಂಕಲ್ ಚೀಲದಿಂದ ತಮ್ಮ ರಮ್ ತೆಗೆದು ಸಂಕೋಚದಿಂದ ಟೀಪಾಯಿಯ ಕೆಳಗಿಟ್ಟರು. ಪೀತಮ್‌ಪುರದ ಅಂಕಲ್ ಎಲೆ ಕಲಸುತ್ತ ಅಪ್ಪನ ಗ್ಲಾಸು ನೋಡಿದರು.

"ಏನಯ್ಯಾ ಅದು, ರೂಹ್ ಅಫ್ಜಾ ಶರಬತ್ತಾ?"

"ನೆಗ್ರೋನಿ," ಎಂದರು ಅಪ್ಪ. "ಇಟಲಿದು. ಮಗಳು ಮಾಡಿದ್ದು."

ಒಂದು ಗುಟುಕು ಕುಡಿದರು. ನಾನು ಅವರ ಗಂಟಲನ್ನೇ ನೋಡುತ್ತಿದ್ದೆ. ಅದು ಇಳಿಯಿತು. ಅಪ್ಪ ಒಂದು ಕ್ಷಣ ಎದುರಿನ ಗೋಡೆಯ ಕ್ಯಾಲೆಂಡರನ್ನು ಓದಿದರು.

ಪೀತಮ್‌ಪುರದ ಅಂಕಲ್ ಗ್ಲಾಸನ್ನು ಇಸಿದುಕೊಂಡು ಮೂಸಿದರು. ಒಂದು ಗುಟುಕು ಕುಡಿದು ನೋಡಿ ವಾಪಸು ಕೊಟ್ಟರು. "ಅಲ್ಲ ಕಣಯ್ಯ, ಇಟಲಿಯವರು ಇಂಗು ಹಾಕ್ತಾರಾ?"

"ಹಾಕ್ತಾರೆ," ಎಂದರು ಅಪ್ಪ.

"ಯಾವ ಕಡೆಯವರು?"

"ದಕ್ಷಿಣದವರು. ಎಲೆ ಹಾಕು."

ಆಟ ಶುರುವಾಯಿತು. ಘಾಜಿಯಾಬಾದಿನ ಅಂಕಲ್ ಜೋಕರ್ ಬಚ್ಚಿಟ್ಟರೆಂದು ಜಗಳವಾಯಿತು, ಹಳೆಯ ಆಫೀಸಿನ ಯಾವುದೋ ಪ್ರಮೋಷನ್ನಿನ ವಿಷಯ ಬಂತು, ಅಪ್ಪನ ದನಿ ಏರಿತು. ಆ ದನಿ ಕೇಳಿ ಬಹಳ ದಿನವಾಗಿತ್ತು. ಗ್ಲಾಸು ಆಗಾಗ ಬಾಯಿಗೆ ಹೋಗುತ್ತಿತ್ತು, ಅಲ್ಲಿ ಸ್ವಲ್ಪ ನಿಲ್ಲುತ್ತಿತ್ತು, ಬಹಳ ಕಡಿಮೆಯೇನೂ ಆಗದೆ ಕೆಳಗಿಳಿಯುತ್ತಿತ್ತು. ಅಷ್ಟು ಹೊತ್ತಿಗೆ ಅವರಿಬ್ಬರದೂ ಎರಡನೇ ಗ್ಲಾಸು.

ಘಾಜಿಯಾಬಾದಿನ ಅಂಕಲ್ ಒಳ್ಳೆಯ ಮನುಷ್ಯ. ಎದುರು ಕೂತವನು ಕಷ್ಟಪಡುವುದನ್ನು ನೋಡಲಾರರು. ಬಾಟಲಿ ಕೈಗೆತ್ತಿಕೊಂಡು ಅಪ್ಪನ ಕಡೆ ಬಾಗಿದರು.

"ಒಂದೇ ಹನಿ ಕಣಯ್ಯ. ಬರೀ ಇದ್ರ ರುಚಿ ಸರಿಹೋಗ್ಲಿ ಅಂತ. ಡಾಕ್ಟ್ರಿಗೆ ಯಾರು ಹೇಳ್ತಾರೆ?"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಪೀತಮ್‌ಪುರದ ಅಂಕಲ್ ತಮ್ಮ ಎಲೆಗಳನ್ನು ಜೋಡಿಸುವ ನೆಪದಲ್ಲಿ ತಲೆ ತಗ್ಗಿಸಿದರು. ಅಪ್ಪ ಬಾಟಲಿ ನೋಡಿದರು.

ಅಪ್ಪ ಗ್ಲಾಸಿನ ಬಾಯಿಯ ಮೇಲೆ ಅಂಗೈ ಮುಚ್ಚಿದರು.

"ಬೇಡ. ಹಾಳಾಗುತ್ತೆ."

ಅಂಕಲ್ ಗ್ಲಾಸನ್ನೊಮ್ಮೆ, ಅಪ್ಪನನ್ನೊಮ್ಮೆ ನೋಡಿದರು. "ಇದಾ?"

"ಹೂಂ. ಇದು. ಮೂರೂ ಸಮ ಪಾಲು ಇರ್ಬೇಕಂತೆ. ನಿನ್ನ ಸರದಿ, ಆಡು."

ಅಡುಗೆಮನೆಯಲ್ಲಿ ಪಾತ್ರೆ ಮತ್ತೆ ಸದ್ದು ಮಾಡಿತು. ಅದೊಂದೇ ಗ್ಲಾಸು ಊಟದವರೆಗೂ ಬಂತು. ಇನ್ನೊಂದು ಬೇಕು ಎಂದು ಯಾರೂ ಕೇಳಲಿಲ್ಲ. ಬಟ್ಟೆಯಲ್ಲಿ ಉಳಿದ ಸಿಪ್ಪೆಯನ್ನು ಅಮ್ಮ ಊಟಕ್ಕೆ ಬಡಿಸಿದಳು. ಅದನ್ನು ಮಾತ್ರ ಎಲ್ಲರೂ ಮೆಚ್ಚಿದರು.

ಮುಂದಿನ ಶನಿವಾರ ಅಪ್ಪನೇ ಮಂಕಿ ಕ್ಯಾಪ್ ಹಾಕಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು, ನನ್ನ ಬಾಟಲಿ ತುಂಬಿಸಿ ಕೊಡು, ಐಸು ಪೀತಮ್‌ಪುರದಲ್ಲಿರುತ್ತೆ ಎಂದರು. ಈ ಸಲ ನಾನು ಎಚ್ಚರ ವಹಿಸಿದ್ದೆ. ಇಂಗಿಲ್ಲ, ಬೆಲ್ಲವಿಲ್ಲ, ಓದಿದ ಪ್ರಕಾರ ಇತ್ತು. ಹೊತ್ತಾದ ಮೇಲೆ ಮರಳಿದರು, ಜಗಳವಾಡಿ ಗಂಟಲು ಕಟ್ಟಿತ್ತು. ಖಾಲಿ ಬಾಟಲಿಯನ್ನು ಸಿಂಕಿನಲ್ಲಿಟ್ಟರು.

"ಹೇಗಿತ್ತಪ್ಪ?"

"ಚೆನ್ನಾಗಿತ್ತು," ಎಂದರು ದೂರುವ ದನಿಯಲ್ಲಿ. "ಅವರಿಬ್ರೂ ಇಸ್ಕೊಂಡು ಕುಡಿದ್ರು. ಬೇಗ ಮುಗಿದುಹೋಯ್ತು. ಮುಂದಿನ ಸಲ ಇನ್ನೂ ಸ್ವಲ್ಪ ಕಹಿ ಮಾಡು."

ಸೋಮವಾರ ಮತ್ತೆ ಗ್ರಂಧಿಗೆ ಅಂಗಡಿಗೆ ಹೋದೆ. ಮುದುಕರು ಚಿರಾಯತಾ ತೂಗುತ್ತ, ಅಪ್ಪನ ಜ್ವರ ಇನ್ನೂ ಇಳಿದಿಲ್ಲವೇ ಎಂದು ಕೇಳಿದರು.

ಇಳೀತಾ ಇದೆ ಎಂದೆ.